ಎರಡೂವರೆ ನಂಬರಿನ ಗುದ್ದಾಟ

ಮಂಗಸೂಳಿಯಲ್ಲಿ ಮಲ್ಲಯ್ಯನ ಭಂಡಾರದ ಅರಿಶಿನ ಬಿದ್ದು ಅಂಗಿ ಹಳದಿಯಾಗುವುದು ಹೊಸದಲ್ಲ. ನಮ್ಮ ಬ್ಯಾಂಡಿನ ಕಾಕಾನ ಕ್ಲಾರಿನೆಟ್ ಬಾಯಿಗೆ ಕಟ್ಟುವ ರೀಡೂ ಹಾಗೇ ಆಗಿತ್ತು. "ತಮ್ಮಾ, ಮಿರಜಕ್ಕ ಹೊಂಟೀದಿ, ಎರಡೂವರೆ ನಂಬರಿಂದು ತಗೊಂಡ ಬಾ" ಅಂದ. ಅವನದು ರಿಕೋ ಬ್ರ್ಯಾಂಡಿನದು, ನಾನು ತಂದದ್ದು ವ್ಯಾಂಡೊರೆನ್. ನಂಬರ್ ಅದೇ ಅಲ್ಲವೇ?

ಊದಿದ. ಗಲ್ಲ ಉಬ್ಬಿತು, ಕಣ್ಣು ಕೆಂಪಾದವು, ಬಂದದ್ದು ಬರೀ ಗಾಳಿ. "ಇದು ರೀಡೋ, ಬಾಗಿಲದ ಹಲಿಗಿಯೋ?"

ಆಮೇಲೆ ತಿಳಿಯಿತು, ಇದು ಚಪ್ಪಲಿ ಅಳತೆಯ ಕಥೆಯೇ. ವ್ಯಾಂಡೊರೆನ್ನಿನ ಎರಡೂವರೆ ಹೆಚ್ಚುಕಡಿಮೆ ರಿಕೋದ ಮೂರು. ನಂಬರ್ ಹೇಳುವುದು ದಪ್ಪವನ್ನಲ್ಲ, ಬಿರುಸನ್ನು. ಒಂದೇ ಅಳತೆಗೆ ಕೆತ್ತಿದ ರೀಡುಗಳಲ್ಲೂ ಒಂದು ಬಾಗುತ್ತದೆ, ಇನ್ನೊಂದು ಸೆಟೆಯುತ್ತದೆ. ರೀಡು ಕೆತ್ತುವುದು ಹುಲ್ಲಿನ ಜಾತಿಯ ದಂಟಿನಿಂದ ನೋಡಿ! ದಕ್ಷಿಣ ಫ್ರಾನ್ಸಿನ ವಾರ್ ಸೀಮೆಯದು ಹೆಸರುವಾಸಿ.

"ಕಬ್ಬೂ ಹುಲ್ಲಿನ ಜಾತೀನ ಕಾಕಾ" ಅಂದೆ.

"ಹಂಗಾದ್ರ ಫ್ರಾನ್ಸ್ ಯಾಕೋ? ಉಗಾರ ಫ್ಯಾಕ್ಟರಿಗೆ ಹೊಂಟ ಟ್ರ್ಯಾಕ್ಟರ್‌ನ್ಯಾಗಿಂದ ಒಂದ್ ಗಳಾ ಎಳದ್ರ ಮುಗೀತು!"

ಊದುವ ಮೊದಲೇ ಇರುವೆ ಮುತ್ತುತ್ತವೆ ಅಂತ ಹೇಳಲಿಲ್ಲ. ಡಬ್ಬಿಯಲ್ಲಿ ಇನ್ನೂ ಒಂಬತ್ತು ಉಳಿದಿವೆ. ಗಟ್ಟಿ ಉಸಿರಿನವರು ಯಾರಾದರೂ ಇದ್ದರೆ ಬಂದು ಒಯ್ಯಿರಿ.