ಚೀಲವಿಲ್ಲದ ವ್ಯಾಕ್ಯೂಮ್ ಕ್ಲೀನರ್: ಶುದ್ಧಿಪ್ರಕರಣ

ಚೀಲವಿಲ್ಲದ ವ್ಯಾಕ್ಯೂಮ್ ಕ್ಲೀನರ್ ಎಂಬುದು ಮನೆಯ ಧೂಳನ್ನೆಲ್ಲ ಪಾರದರ್ಶಕ ಡಬ್ಬಿಯಲ್ಲಿ ಕೂಡಿಹಾಕಿ ಗೃಹಸ್ಥರ ಕಣ್ಣೆದುರೇ ಪ್ರದರ್ಶನಕ್ಕಿಡುವ ಯಂತ್ರ. ಧೂಳು ಇದರಿಂದ ನಾಶವಾಗುವುದಿಲ್ಲ, ವಿಳಾಸ ಬದಲಿಸುತ್ತದೆ. ಸೋಫಾದಡಿಯಿದ್ದದ್ದು ಡಬ್ಬಿಗೆ ಬಂತು, ಡಬ್ಬಿಯಲ್ಲಿರುವುದನ್ನು ತೆಗೆಯುವವರು ಯಾರು ಎಂಬಲ್ಲಿಂದ ಈ ಶಾಸ್ತ್ರ ಹುಟ್ಟುತ್ತದೆ.

ಅನುಬಂಧ ಚತುಷ್ಟಯವನ್ನು ಮೊದಲೇ ಹೇಳಿಬಿಡುವುದು ವಾಡಿಕೆ. ವಿಷಯ, ಧೂಳು. ಪ್ರಯೋಜನ, ಸೀನು ಬಾರದಿರುವುದು. ಸಂಬಂಧ, ಸೀನುವವರಿಗೂ ಸ್ವಚ್ಛ ಮಾಡದವರಿಗೂ ಇರುವಂಥದ್ದು, ಸಾಮಾನ್ಯವಾಗಿ ದಾಂಪತ್ಯ. ಅಧಿಕಾರಿ ಯಾರೆಂಬುದು ಮಾತ್ರ ಇತ್ಯರ್ಥವಾಗಿಲ್ಲ. ಯಂತ್ರವನ್ನು ಬಳಸುವವರೇ ಎಂದು ಒಂದು ಪಕ್ಷ, ಬೇಡವೆಂದರೂ ಕೊಂಡು ತಂದವರೇ ಎಂದು ಇನ್ನೊಂದು.

ಆಚಾರ್ಯ ಪರಂಪರೆ ಹೀಗಿದೆ. 1901ರಲ್ಲಿ ಲಂಡನ್ನಿನ ಎಂಜಿನಿಯರ್ ಹ್ಯೂಬರ್ಟ್ ಸೆಸಿಲ್ ಬೂತ್ ಹೀರುವ ಯಂತ್ರಕ್ಕೆ ಪೇಟೆಂಟ್ ಪಡೆದ. ಅದಕ್ಕೆ ಮೊದಲು ಆತ ಹೋಟೆಲಿನ ಕುರ್ಚಿಯ ಮೇಲೆ ಕರವಸ್ತ್ರ ಹಾಸಿ, ಬಾಯಿಯಿಂದಲೇ ಹೀರಿ ಪರೀಕ್ಷಿಸಿದನೆಂದು ಪ್ರತೀತಿ. ತಾನೇ ಯಂತ್ರವಾಗಿ ನೋಡಿದ ಇಂಥ ಆಚಾರ್ಯರು ವಿರಳ. ಓಹಾಯೋದ ಜೇಮ್ಸ್ ಮರ್ರೆ ಸ್ಪಾಂಗ್ಲರ್ ದಿಂಬಿನ ಚೀಲ ಕಟ್ಟಿ, 1908ರಲ್ಲಿ ಪೇಟೆಂಟ್ ಪಡೆದು ಚೀಲಯುಗವನ್ನು ಗಟ್ಟಿಗೊಳಿಸಿದ. ಚೀಲದ ರಂಧ್ರಗಳಲ್ಲಿ ಧೂಳು ಕೂತರೆ ಹೀರುವ ಬಲ ಇಳಿಯುತ್ತದೆಂಬುದು ಜೇಮ್ಸ್ ಡೈಸನ್‌ಗೆ ಹೊಳೆದದ್ದು 1978ರಲ್ಲಿ. ಮರದ ಮಿಲ್ಲಿನ ಹೊಟ್ಟು ಬೇರ್ಪಡಿಸುವ ಸೈಕ್ಲೋನನ್ನು ಮನೆಯೊಳಗೆ ತರಲು ಆತ 5,127 ಮಾದರಿ ಮಾಡಿದ. ಅಷ್ಟು ಕಾಲವೂ ಸಂಸಾರ ಬಹುಮಟ್ಟಿಗೆ ನಡೆದದ್ದು ಚಿತ್ರಕಲೆ ಕಲಿಸುತ್ತಿದ್ದ ಹೆಂಡತಿಯ ಸಂಬಳದಲ್ಲಿ. ಅಧಿಕಾರಿ ಯಾರೆಂಬ ಚರ್ಚೆಯಲ್ಲಿ ಈ ಪ್ರಮಾಣವನ್ನು ಉಲ್ಲೇಖಿಸುವವರು ಕಡಿಮೆ.

ಯಂತ್ರದೊಳಗೆ ಗಾಳಿ ಓರೆಯಾಗಿ ನುಗ್ಗಿ ಗಿರಗಿರನೆ ಸುತ್ತುತ್ತದೆ. ಭಾರದ ಕಣಗಳು ಗೋಡೆಗೆ ಬಡಿದು ಕೆಳಗೆ ಬೀಳುತ್ತವೆ, ಗಾಳಿ ನಡುವಿನಿಂದ ಮೇಲೇರುತ್ತದೆ. ಬೀಳದೆ ಉಳಿದ ಸೂಕ್ಷ್ಮ ಕಣಗಳ ಪಾಲಿಗೆ ಫಿಲ್ಟರೇ ಗತಿ.

ಇನ್ನು ಶುದ್ಧಿಕ್ರಮ. ಮೊದಲು ಪ್ಲಗ್ ಕೀಳಬೇಕು, ಇದರಲ್ಲಿ ಮತಭೇದವಿಲ್ಲ. ಡಬ್ಬಿಯ ಮೇಲಿನ ಗೆರೆ ಮುಟ್ಟುವ ಮೊದಲೇ ಧೂಳು ಸುರಿಯಬೇಕು. ದೀಪ ಹಚ್ಚಿದ ಮೇಲೆ ಕಸ ಹೊರಗೆ ಹಾಕಕೂಡದೆಂದು ಅತ್ತೆಯರ ಮತ. ಫ್ಯಾನ್ ಕೆಳಗೆ ಮುಚ್ಚಳ ತೆರೆಯಕೂಡದೆಂದು ಅನುಭವಿಗಳ ಮತ. ಎರಡನ್ನೂ ಸಮನ್ವಯ ಮಾಡಿದರೆ ಹಗಲು ಹೊತ್ತು, ಬಾಲ್ಕನಿಯಲ್ಲಿ, ಡಬ್ಬಿಯ ಬಾಯನ್ನು ಕಸದ ಕವರಿನೊಳಗೆ ಇಳಿಸಿ ತೆರೆಯುವುದೆಂದಾಗುತ್ತದೆ. ಸುರಿಯುವ ಮುನ್ನ ಡಬ್ಬಿಯನ್ನು ಬೆಳಕಿಗೆ ಹಿಡಿದು ತಿರುಗಿಸುವ ಉಪವಿಧಿಯೂ ಉಂಟು. ಕೂದಲು, ಬಿಸ್ಕತ್ತಿನ ಪುಡಿ, ಒಣಗಿದ ಕರಿಬೇವಿನೆಲೆಗಳ ನಡುವೆ ಮಿಣುಕುವುದು ಓಲೆಯ ತಿರುಪೇ ಆಗಿದ್ದರೆ, ಕೆಲಸದವಳ ಮೇಲೆ ಹೊರಿಸಿದ್ದ ಅನುಮಾನವನ್ನು ಮೌನವಾಗಿ ಹಿಂತೆಗೆದುಕೊಳ್ಳುವುದು ರೂಢಿ.

ರಂಗೋಲಿ ಪುಡಿ, ವಿಭೂತಿ, ಊದುಬತ್ತಿಯ ಬೂದಿ ಇವು ತ್ರಿದೋಷಗಳು. ಹಿಟ್ಟಿನಷ್ಟು ನುಣುಪಾದ ಕಣಗಳನ್ನು ಸೈಕ್ಲೋನ್ ಪೂರ್ತಿ ಹಿಡಿಯಲಾರದು. ಅವು ನೇರ ಫಿಲ್ಟರಿಗೆ ಹೋಗಿ ನೆಲೆಸುತ್ತವೆ. ದೇವರಕೋಣೆಗೆ ಪೊರಕೆಯೇ ಪ್ರಶಸ್ತ.

ಸ್ಪಂಜಿನ ಫಿಲ್ಟರನ್ನು ತಣ್ಣೀರಲ್ಲಿ, ಸಾಬೂನಿಲ್ಲದೆ, ನೀರು ತಿಳಿಯಾಗುವವರೆಗೆ ಹಿಂಡಬೇಕು. ಸರ್ಫ್ ಹಾಕದೆ ಯಾವುದೂ ಶುದ್ಧವಾಗದೆಂಬ ಪೂರ್ವಪಕ್ಷಕ್ಕೆ ನೊರೆಯುಗುಳುವ ಸ್ಪಂಜೇ ಉತ್ತರ. ಬಳಿಕ ಕನಿಷ್ಠ 24 ಗಂಟೆ ಒಣಗಬೇಕು. ಆಷಾಢದಲ್ಲಿ ಮಡಿಕೇರಿ, ಆಗುಂಬೆಯ ಕಡೆ ಅದು ಎರಡು ಮೂರು ದಿನಕ್ಕೂ ಹೋದೀತು. ಹಸಿ ಇರುವಾಗಲೇ ಹಾಕಿದರೆ ಮನೆಯೆಲ್ಲ ಒದ್ದೆ ಬಟ್ಟೆಯ ಮುಗ್ಗಲು ನಾತ, ಮೋಟಾರಿಗೂ ಕೇಡು. 0.3 ಮೈಕ್ರಾನ್ ಕಣಗಳಲ್ಲಿ ಶೇ. 99.97 ತಡೆಯುವ ಹೆಪಾ ಫಿಲ್ಟರುಗಳಲ್ಲಿ ತೊಳೆಯಬಹುದಾದವೂ ಇವೆ, ತೊಳೆದರೆ ಕೆಡುವವೂ ಇವೆ. ಅದನ್ನು ಹೇಳುವ ಕೈಪಿಡಿ, ಯಂತ್ರ ಬಂದ ರಟ್ಟಿನ ಪೆಟ್ಟಿಗೆಯೊಂದಿಗೆ ಅಟ್ಟ ಸೇರಿರುತ್ತದೆ.

ತಿರುಗುವ ಬ್ರಷ್ಷಿಗೆ ಸುತ್ತಿದ ಕೂದಲನ್ನು ಎಳೆಯಬಾರದು, ಉದ್ದಕ್ಕೆ ಕತ್ತರಿ ಆಡಿಸಿ ಬಿಡಿಸಬೇಕು. ಆ ಕೂದಲು ಯಾರದೆಂದು ವಿಚಾರಿಸುವುದು ಶಾಸ್ತ್ರಸಮ್ಮತವಲ್ಲ.

ಆಯುಧಪೂಜೆಯಂದು ಮಾತ್ರ ಒರೆಸುವ ಸಂಪ್ರದಾಯ ಹಲವು ಮನೆಗಳಲ್ಲಿದೆ. ಅಂದು ಗಾಳಿ ಹೊರಬರುವ ಜಾಲರಿಗೆ ಕುಂಕುಮ ಹಚ್ಚಿದರೆ, ಮರುದಿನ ಸ್ವಿಚ್ ಒತ್ತಿದವರ ಬಿಳಿ ಅಂಗಿ ಅದರ ಫಲವನ್ನು ಅನುಭವಿಸೀತು.

ಯಂತ್ರ ತಾನೇ ನಿಂತುಹೋದರೆ ಸುಟ್ಟಿತೆಂದು ಗಾಬರಿಬೀಳಬೇಕಿಲ್ಲ. ಗಾಳಿಯ ದಾರಿ ಕಟ್ಟಿ ಮೋಟಾರು ಕಾದಾಗ ಹಲವು ಯಂತ್ರಗಳಲ್ಲಿ ರಕ್ಷಕ ಸ್ವಿಚ್ ಅದನ್ನು ನಿಲ್ಲಿಸುತ್ತದೆ. ಪ್ಲಗ್ ತೆಗೆದು, ಆರಲು ಬಿಟ್ಟು, ಪೈಪನ್ನು ಬಿಚ್ಚಿ ಒಂದು ತುದಿಯಿಂದ ಇನ್ನೊಂದಕ್ಕೆ ಇಣುಕಬೇಕು. ಬೆಳಕು ಕಾಣದಿದ್ದರೆ ಅಲ್ಲೇ ಅಡ್ಡಿ. ಸಾಮಾನ್ಯವಾಗಿ ಸಿಗುವುದು ಮಗುವಿನ ಕಾಲುಚೀಲ. ಅದರ ಜೋಡಿಯನ್ನು ಹುಡುಕುವುದು ಈ ಶಾಸ್ತ್ರದ ವ್ಯಾಪ್ತಿಗೆ ಬರುವುದಿಲ್ಲ.