ಹೊತ್ತು ಕುಗ್ಗಿದರೆ ಅವರೆ ಹಿಗ್ಗುತ್ತದೆ

ಜೂನ್ 21 ಬಂತೆಂದರೆ ಕೈತೋಟದವರಿಗೆ ಒಂದು ಬಗೆಯ ಇಬ್ಬಂದಿ. ವರ್ಷದ ಅತಿ ದೊಡ್ಡ ಹಗಲು ಸಿಕ್ಕಿತೆಂದು ಸಂತೋಷಪಡಬೇಕೋ, ನಾಳೆಯಿಂದ ಅದು ಸವೆಯುತ್ತದೆಂದು ಮುಖ ಸಪ್ಪಗೆ ಮಾಡಬೇಕೋ? ಲಂಡನ್ನಿನಲ್ಲಿ ನೆಲೆಸಿದ ನಮ್ಮ ಕನ್ನಡಿಗರನ್ನು ಮಾತಾಡಿಸಿ ನೋಡಿ. ಅಂದು ಅವರಿಗೆ ಹದಿನಾರೂವರೆ ಗಂಟೆಗೂ ಮಿಕ್ಕಿದ ಹಗಲು. ರಾತ್ರಿ ಒಂಬತ್ತಕ್ಕೂ ಬೆಳಕಿನಲ್ಲೇ ಟೊಮೆಟೊ ಗಿಡಕ್ಕೆ ನೀರು ಹಾಕುತ್ತಾ, "ಇನ್ನೇನು, ಚಳಿಗಾಲ ಬಂದೇಬಿಟ್ಟಿತು" ಅನ್ನುತ್ತಾರೆ. ಗಿಡದಲ್ಲಿ ಒಂದು ಕಾಯಿಯೂ ಇನ್ನೂ ಕೆಂಪಾಗಿರುವುದಿಲ್ಲ! ಡಿಸೆಂಬರಿಗೆ ಅವರ ಹಗಲು ಎಂಟು ಗಂಟೆಗಿಂತಲೂ ಕಡಿಮೆ. ಅರ್ಧಕ್ಕರ್ಧ ಕಳೆದುಕೊಳ್ಳುವವರು, ಪಾಪ, ಅತ್ತುಕೊಳ್ಳಲಿ ಬಿಡಿ.

ನಮಗೇನು ಧಾಡಿ? ಬೆಂಗಳೂರಿನ ದೊಡ್ಡ ಹಗಲಿಗೂ ಸಣ್ಣ ಹಗಲಿಗೂ ಇರುವ ವ್ಯತ್ಯಾಸ ಒಂದೂವರೆ ಗಂಟೆ. ಆಫೀಸಿಗೆ ಹೋಗಿಬರುವ ಟ್ರಾಫಿಕ್ಕಿನಲ್ಲಿ ದಿನಾ ಅಷ್ಟನ್ನು ಕಳೆದುಕೊಂಡೂ ತೆಪ್ಪಗಿರುವ ಜನ ನಾವು. ಸಾಲದ್ದಕ್ಕೆ ಸಂಜೆ ಜೂನ್ 21ಕ್ಕೆ ಕುಗ್ಗುವುದೂ ಇಲ್ಲ. ಜುಲೈ ಮೊದಲ ವಾರದವರೆಗೂ ಸೂರ್ಯ ಒಂದೆರಡು ನಿಮಿಷ ತಡವಾಗಿಯೇ ಮುಳುಗುತ್ತಾನೆ.

ಅಯನ ಯಾವಾಗ ಅಂತಲೇ ನಮ್ಮಲ್ಲಿ ಒಮ್ಮತವಿಲ್ಲ ನೋಡಿ. ಆಕಾಶದಲ್ಲಿ ಸೂರ್ಯ ಜೂನ್ 21ಕ್ಕೇ ದಕ್ಷಿಣಕ್ಕೆ ತಿರುಗಿದರೆ, ಮನೆಯ ಪಂಚಾಂಗ ಕರ್ಕ ಸಂಕ್ರಾಂತಿಗೆ, ಅಂದರೆ ಜುಲೈ 16ರ ಸುಮಾರಿಗೆ, ಅವನಿಗೆ ಅಪ್ಪಣೆ ಕೊಡುತ್ತದೆ. ಭೂಮಿಯ ಅಕ್ಷ ಬುಗುರಿಯ ಹಾಗೆ ತೂಗಾಡುತ್ತ 72 ವರ್ಷಕ್ಕೆ ಹತ್ತಿರ ಹತ್ತಿರ ಒಂದು ಡಿಗ್ರಿಯಂತೆ ಜಾರಿದ್ದರ ಫಲ ಇದು. ಬದನೆ ಗಿಡ ಯಾರ ಮಾತು ಕೇಳಬೇಕು?

ಇನ್ನು ಉತ್ತರದ ಬಾಲ್ಕನಿಯ ಕತೆ. ಫ್ಲಾಟು ಕೊಳ್ಳುವಾಗ "ಆ ಕಡೆ ಬಿಸಿಲೇ ಬರಲ್ಲ" ಎಂದು ಮೂಗು ಮುರಿದವರು ಎಷ್ಟು ಜನ! ಏಪ್ರಿಲ್ 24ರ ಹೊತ್ತಿಗೆ ಬೆಂಗಳೂರಿನ ನೆತ್ತಿಯ ಮೇಲೆ ಹಾದ ಸೂರ್ಯ ಉತ್ತರಕ್ಕೆ ಸರಿಯುತ್ತಾನೆ, ಮತ್ತೆ ನೆತ್ತಿಗೆ ಬರುವುದು ಆಗಸ್ಟ್ 18ರ ಸುಮಾರಿಗೆ. ಅಲ್ಲಿಯವರೆಗೆ ನಡುಮಧ್ಯಾಹ್ನದ ನೆರಳು ಬೀಳುವುದು ದಕ್ಷಿಣಕ್ಕೆ. ಬಿಸಿಲು ಉತ್ತರದವರ ಪಾಲು, ದಕ್ಷಿಣದ ಬಾಲ್ಕನಿಯವರು ತಮ್ಮ ಗುಲಾಬಿಗೆ ಏನು ರೋಗವೆಂದು ಬೇವಿನೆಣ್ಣೆ ಸಿಂಪಡಿಸುತ್ತಾ ಕೂತಿರುತ್ತಾರೆ. ಆದರೆ ಉತ್ತರದವರೂ ಹೆಚ್ಚು ಮೆರೆಯುವಂತಿಲ್ಲ. ಮೃಗಶಿರೆ ಮುಗಿದು ಆರಿದ್ರಾ ಮಳೆ ಹಿಡಿಯುವುದೂ ಸರಿಯಾಗಿ ಆಗಲೇ. ವರ್ಷದ ಅತಿ ದೊಡ್ಡ ಹಗಲು ಮೋಡದ ಹಿಂದೆಯೇ ಕಳೆದುಹೋದರೂ ಹೋಯಿತು. ಆದರೂ ಮೋಡವನ್ನು ಬೈಯುವಂತಿಲ್ಲ. ಆದರೆ ಆರಿದ್ರಾ, ಇಲ್ಲದಿದ್ದರೆ ದರಿದ್ರ ಅಂತ ರೈತರು ಸುಮ್ಮನೆ ಹೇಳಲಿಲ್ಲ.

ಹಗಲು ಕುಗ್ಗುವುದೇ ನಷ್ಟವೆಂದುಕೊಂಡವರು ಒಂದು ಸಲ ಅವರೆ ಗಿಡವನ್ನು ಗಮನಿಸಲಿ. ರಾಗಿ ಹೊಲದ ಅಕ್ಕಡಿ ಸಾಲಿಗೆ ಮುಂಗಾರಿನಲ್ಲಿ ಬಿದ್ದ ನಾಟಿ ಅವರೆ ಎಷ್ಟೇ ಹಬ್ಬಿದರೂ ಹೂ ಬಿಡಲು ಹಟ ಮಾಡುತ್ತದೆ. ಹಗಲು ಸಾಕಷ್ಟು ಮೋಟಾದ ಮೇಲೆಯೇ ಅದಕ್ಕೆ ಮನಸ್ಸು ಬರುವುದು. ಸೊಗಡಿನ ಅವರೆಕಾಯಿ ಚಳಿಗಾಲದಲ್ಲೇ ಮಾರುಕಟ್ಟೆಗೆ ಬರುವ ಗುಟ್ಟು ಇದು. ಸೇವಂತಿಗೆಯದೂ ಇದೇ ಜಾತಕ. ಗಿಡಗಳು ಹಗಲಿನ ಉದ್ದ ಅಳೆಯುತ್ತವೆಂದು ಗಾರ್ನರ್ ಮತ್ತು ಅಲಾರ್ಡ್ ಎಂಬ ಅಮೆರಿಕದ ವಿಜ್ಞಾನಿಗಳು 1920ರಲ್ಲಿ ತಂಬಾಕಿನ ಗಿಡ ಇಟ್ಟುಕೊಂಡು ತೋರಿಸಿಕೊಟ್ಟರು. ಸೇವಂತಿಗೆ ಹೂವನ್ನು ಬೇಕಾದ ದಿನಕ್ಕೆ ಮುಂದೂಡಲು ಬೆಳೆಗಾರರು ರಾತ್ರಿ ಹೊಲದಲ್ಲಿ ಬಲ್ಬು ಉರಿಸುವುದು ಇದೇ ವಿದ್ಯೆಯಿಂದ. ಬಾಲ್ಕನಿಯ ದೀಪದ ಕೆಳಗೇ ಸೇವಂತಿಗೆ ಕುಂಡ ಇಟ್ಟು, ಹೂವೇ ಇಲ್ಲವೆಂದು ನರ್ಸರಿಯವನಿಗೆ ಶಾಪ ಹಾಕುವವರೇ, ಮೊದಲು ಸ್ವಿಚ್ಚು ಆರಿಸಿ!

ಅವರೆಯ ಹಟ ಮುರಿಯಲು ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ ಹೆಬ್ಬಾಳ ಅವರೆಯ ತಳಿಗಳನ್ನು ತಂದಿತು. ಅವು ಹಗಲಿನ ಲೆಕ್ಕ ನೋಡದೆ ಯಾವ ಕಾಲಕ್ಕೂ ಕಾಯಿ ಬಿಡುತ್ತವೆ. ಉಪಕಾರವೇ, ಇಲ್ಲವೆನ್ನಲಾರೆ. ಆದರೆ ವರ್ಷವಿಡೀ ಸಿಗುವ ಹಿದುಕಿದ ಬೇಳೆಗೆ ಕಾದು ತಿಂದದ್ದರ ರುಚಿ ಎಲ್ಲಿ ಬರಬೇಕು?

ಹಾಗಾಗಿ ನನ್ನ ತೀರ್ಪು ಇಷ್ಟು. ಜೂನ್ 21 ಲಂಡನ್ನಿನ ತೋಟಕ್ಕೆ ಇಳಿಜಾರಾದರೆ ನಮ್ಮ ತೋಟಕ್ಕೆ ಅದು ಯುಗಾದಿ. ಹಗಲು ಸವೆಯಿತೆಂದು ಕೊರಗುವ ಹೊತ್ತಿನಲ್ಲಿ ನಾಲ್ಕು ಅವರೆ ಬೀಜ ಊರಿ, ಗುಲಾಬಿಯನ್ನು ಆಗಸ್ಟಿನವರೆಗೆ ಉತ್ತರದ ಬಾಲ್ಕನಿಗೆ ಸಾಗಿಸಿ.