ಆಚ್ಛಾದನ ಮೀಮಾಂಸೆ: ಬುಕ್ಕಸಾಗರದ ಅಡುಗೆಮನೆಯ ಕಪಾಟಿನ ಬಾಗಿಲನ್ನು ಕುರಿತು

ಕಪಾಟಿನ ಬಾಗಿಲು ತನ್ನ ಪೆಟ್ಟಿಗೆಯ ಅಂಚನ್ನು ಎಷ್ಟು ಮುಚ್ಚಬೇಕೆಂಬ ಪ್ರಶ್ನೆಯು ಮೇಲ್ನೋಟಕ್ಕೆ ಬಡಗಿಯ ಕಸುಬಿಗೆ ಸೇರಿದ್ದೆಂದು ತೋರಿದರೂ, ಹಂಪಿಗೂ ಕಂಪ್ಲಿಗೂ ನಡುವೆ ಇರುವ ಬುಕ್ಕಸಾಗರದಲ್ಲಿ ಅದು ದರ್ಶನಶಾಸ್ತ್ರದ ಪ್ರಶ್ನೆಯೇ ಸರಿ. ತುಂಗಭದ್ರೆಯ ಆಚೆದಡದ ಊರಿಗೆ ಕಡೆಬಾಗಿಲು ಎಂದೇ ಹೆಸರಿರುವುದನ್ನು ನೋಡಿದರೆ, ಈ ಸೀಮೆಯವರು ಬಾಗಿಲನ್ನು ಎಂದೂ ಕಡೆಗಣಿಸಿದವರಲ್ಲವೆಂಬುದು ಸ್ಪಷ್ಟ.

ಈ ವಿಷಯದಲ್ಲಿ ಮೂರು ಮತಗಳುಂಟು. ಮೊದಲನೆಯದು ಪೂರ್ಣಾಚ್ಛಾದನ, ಅಂದರೆ 18 ಮಿಲಿಮೀಟರ್ ದಪ್ಪದ ಪ್ಲೈವುಡ್ ಅಂಚನ್ನು ಒಂದೆರಡು ಮಿಲಿಮೀಟರ್ ಉಳಿಸಿ ಪೂರ್ತಿ ನುಂಗುವ ಬಾಗಿಲು. ಮುಚ್ಚಿದಾಗ ಬಾಗಿಲಲ್ಲದೆ ಎರಡನೆಯ ವಸ್ತುವೇ ಕಾಣದ ಕಾರಣ ಇದು ಅದ್ವೈತವೆನಿಸಿಕೊಳ್ಳುತ್ತದೆ, ಒಳಗಿನ ಪೆಟ್ಟಿಗೆಯ ಸತ್ಯತ್ವ ಬಡಗಿಯ ಬಿಲ್ಲಿನಲ್ಲಿ ಮಾತ್ರ ಪ್ರಕಟವಾಗುತ್ತದೆ. ಎರಡನೆಯದಾದ ಅರ್ಧಾಚ್ಛಾದನದಲ್ಲಿ ಎಡಬಲದ ಎರಡು ಬಾಗಿಲುಗಳು ಒಂದೇ ನಡುಹಲಗೆಯನ್ನು ತಲಾ ಎಂಟು ಮಿಲಿಮೀಟರಿನಂತೆ ಹಂಚಿಕೊಳ್ಳುವುದರಿಂದ, ಹಲಗೆ ಶರೀರ, ಬಾಗಿಲು ಶರೀರಿ ಎಂಬ ವಿಶಿಷ್ಟಾದ್ವೈತದ ಸಂಬಂಧ ಏರ್ಪಡುತ್ತದೆ. ಮೂರನೆಯದು ಅಂತರ್ನಿವೇಶ: ಬಾಗಿಲು ಚೌಕಟ್ಟಿನೊಳಗೇ ಕೂತು, ಸುತ್ತಲೂ ಎರಡು ಮಿಲಿಮೀಟರ್ ಸಂದು ಬಿಟ್ಟು, ತಾನು ಬೇರೆ ಚೌಕಟ್ಟು ಬೇರೆ ಎಂದು ಸಾರುವ ಶುದ್ಧ ದ್ವೈತ. ವ್ಯಾಸತೀರ್ಥರ ಬೃಂದಾವನ ಆನೆಗೊಂದಿಯ ಬಳಿಯ ನಡುಗಡ್ಡೆಯಲ್ಲೇ ಇರುವುದರಿಂದ ಈ ಮತಕ್ಕೆ ನೆರೆಹೊರೆಯ ಬೆಂಬಲವೂ ಇದೆ.

ಶತಮಾನಗಳ ವಾದಗಳು ಬಗೆಹರಿಸಲಾಗದ ಈ ಭೇದವನ್ನು ಹೊಸಪೇಟೆಯ ಹಾರ್ಡ್‌ವೇರ್ ಅಂಗಡಿಯವರು “ಝೀರೋ ಬೇಕಾ, ಎಂಟಾ, ಹದಿನಾರಾ?” ಎಂಬ ಒಂದೇ ಸೂತ್ರದಲ್ಲಿ ಮುಗಿಸುತ್ತಾರೆ. ಇದು ಆಟೋ ಹಿಂಜಿನ ತೋಳಿನ ಬಾಗು, ಅರ್ಥಾತ್ ಕ್ರ್ಯಾಂಕ್. ನೇರ ತೋಳು ಪೂರ್ಣಕ್ಕೆ, ತುಸು ಬಾಗಿದ್ದು ಅರ್ಧಕ್ಕೆ, ಹೆಚ್ಚು ಬಾಗಿದ್ದು ಒಳಗೆ ಕೂರುವ ಬಾಗಿಲಿಗೆ. ಮೂರಕ್ಕೂ ಬಾಗಿಲಲ್ಲಿ ಕೊರೆಯುವ ಬಟ್ಟಲು 35 ಮಿಲಿಮೀಟರಿನದೇ ಆದ್ದರಿಂದ ಆಳದಲ್ಲಿ ಸರ್ವಮತ ಸಮನ್ವಯವಿದೆ. ಹಂಪಿಯ ಮಹಾನವಮಿ ದಿಬ್ಬದ ಹತ್ತಿರ ಮಲಗಿರುವ, ಮರದ ಬಾಗಿಲಿನಂತೆಯೇ ಕಡೆದ ಕಲ್ಲಿನ ಬಾಗಿಲು ಯಾವ ಮತದ್ದೆಂದು ನಿರ್ಣಯಿಸಬಯಸುವ ವಿದ್ವಾಂಸರು ಮೊದಲು ಅದನ್ನು ಎತ್ತಿ ನಿಲ್ಲಿಸಬೇಕಾಗುತ್ತದೆ.

ಆದರೆ ಈ ಚರ್ಚೆಯೆಲ್ಲವೂ ಪೆಟ್ಟಿಗೆ ಮರದ್ದೆಂಬ ಊಹೆಯ ಮೇಲೆ ನಿಂತಿದೆ. ಬುಕ್ಕಸಾಗರದಂಥ ಊರಿನ ಅಡುಗೆಕಟ್ಟೆಯ ಕೆಳಗಿರುವುದು ಬಹುಮಟ್ಟಿಗೆ ಕಡಪ ಕಲ್ಲು. ಮನೆ ಕಟ್ಟುವಾಗಲೇ ಗಾರೆಯವರು ಅದನ್ನು ನಿಲ್ಲಿಸಿ, ಸಿಮೆಂಟು ಮೆತ್ತಿ, ಖಾನೆಗಳನ್ನು ಮಾಡಿ ಹೋಗಿರುತ್ತಾರೆ. ಕಲ್ಲಿನ ಅಂಚಿಗೆ ಸ್ಕ್ರೂ ಇಳಿಯುವುದಿಲ್ಲ, ಕೊರೆಯಹೋದರೆ ಪದರ ಏಳುತ್ತದೆ. ಆದ್ದರಿಂದ ಬಡಗಿ ಖಾನೆಯ ಬಾಯಿಗೊಂದು ಮರದ ಚೌಕಟ್ಟು ತುರುಕಿ ಅದರೊಳಗೆ ಬಾಗಿಲು ಕೂರಿಸುತ್ತಾನೆ. ಮನೆಯೊಡತಿ ಕ್ಯಾಟಲಾಗಿನಲ್ಲಿ ಅದ್ವೈತವನ್ನು ಮೆಚ್ಚಿ ಬೆರಳಿಟ್ಟು ತೋರಿಸಿದ್ದರೂ ಗಾರೆಯವನು ಬಹಳ ಹಿಂದೆಯೇ ಆ ಮನೆಗೆ ದ್ವೈತದೀಕ್ಷೆ ಕೊಟ್ಟಾಗಿರುತ್ತದೆ.

ಆ ದ್ವೈತವೂ ಆಷಾಢದವರೆಗೆ ಮಾತ್ರ. ಹೊಳೆದಂಡೆಯ ತೇವಕ್ಕೆ ಮರ ಉಬ್ಬಿ, ಎರಡು ಮಿಲಿಮೀಟರಿನ ಭೇದ ಲಯವಾಗಿ, ಬಾಗಿಲು ಚೌಕಟ್ಟಿನಲ್ಲಿ ಐಕ್ಯಗೊಳ್ಳುತ್ತದೆ. ಬೇಳೆಡಬ್ಬಿ ಬೇಕಾದವರು ಹಿಡಿಕೆ ಜಗ್ಗುತ್ತಾರೆ, ಹಿಡಿಕೆಯೊಂದೇ ಕೈಗೆ ಬರುತ್ತದೆ, ಭೇದವನ್ನು ಮರುಸ್ಥಾಪಿಸಲು ಉಜ್ಜುಗೊರಡು ಹಿಡಿದ ಆಚಾರ್ಯರಿಗೆ ಹೇಳಿಕಳುಹಿಸಬೇಕಾಗುತ್ತದೆ. ಕಟ್ಟೆಯ ಮೇಲೆ ದಿನಾ ಜೋಳದ ರೊಟ್ಟಿ ಬಡಿಯುವ ಹೊಡೆತಕ್ಕೆ ಕೆಳಗಿನ ಸ್ಕ್ರೂಗಳು ಸಡಿಲಗೊಳ್ಳುವುದನ್ನು ಯಾವ ಕ್ಯಾಟಲಾಗೂ ಪೂರ್ವಪಕ್ಷವಾಗಿಯಾದರೂ ಎತ್ತಿಲ್ಲ. ಅದಿರಿನ ಕೆಂಧೂಳು ಏಳುವ ಸಂಡೂರಿನ ಕಡೆಯಲ್ಲಾದರೆ ಸಂದಿದ್ದಷ್ಟೂ ಒರೆಸುವ ಕೆಲಸ ಹೆಚ್ಚು, ಅಲ್ಲಿ ಪೂರ್ಣಾಚ್ಛಾದನವನ್ನು ಒಪ್ಪಲೇಬೇಕು.

ಶಾಸ್ತ್ರಕಾರರು ಗಣಿಸದೆ ಬಿಟ್ಟ ನಾಲ್ಕನೆಯ ಮತವೊಂದಿದೆ: ಕಟ್ಟೆಯ ಎರಡು ತುದಿಗೆ ಎರಡು ಮೊಳೆ, ನಡುವೆ ಸ್ಪ್ರಿಂಗ್ ತಂತಿ, ಅದಕ್ಕೆ ಪೋಣಿಸಿದ ಹಳೆಯ ಸೀರೆಯ ತುಂಡು. ಇದು ಕಲ್ಲು, ಮರ, ಸಂದು ಎಲ್ಲವನ್ನೂ ಭೇದವೆಣಿಸದೆ ಮುಚ್ಚುತ್ತದೆ, ಮಳೆಗೆ ಉಬ್ಬುವುದಿಲ್ಲ, ಕ್ರ್ಯಾಂಕ್ ಕೇಳುವುದಿಲ್ಲ, ಸದ್ದಿಲ್ಲದೆ ಮುಚ್ಚಿಕೊಳ್ಳುವ ಗುಣಕ್ಕೆ ಹೆಚ್ಚಿನ ದುಡ್ಡನ್ನೂ ಬೇಡುವುದಿಲ್ಲ. ಒದ್ದೆ ಕೈ ಒರೆಸಲು ಇದಕ್ಕಿಂತ ಹತ್ತಿರದ ಬಟ್ಟೆ ಸಿಗದಿರುವುದರಿಂದ ಬಲಗಡೆಯ ಅಂಚು ಮಾತ್ರ ಅರಿಶಿನ ಬಣ್ಣಕ್ಕೆ ತಿರುಗಿರುತ್ತದೆ.